ದೋಣಿಗಾರನ ಮನೆಯ ಐದನೇ ಕಂಡಿ

ಜೂನ್ 3

ತಮ್ಮಾ,

ಕೈಬರಹ ಗುರುತು ಸಿಕ್ಕಿತೆಂದು ಪತ್ರವನ್ನು ಒಲೆಗೆ ಹಾಕಬೇಡ. ಒಂಬತ್ತು ವರ್ಷ ಬಾಯಿ ಹೊಲಿದುಕೊಂಡಿದ್ದ ಅಕ್ಕ ಇದ್ದಕ್ಕಿದ್ದಂತೆ ಬರೆಯುತ್ತಾಳೆಂದರೆ ಒಂದೋ ಯಾರಾದರೂ ಸತ್ತಿರಬೇಕು, ಇಲ್ಲವೇ ಯಾರನ್ನಾದರೂ ಕೊಲ್ಲುವ ಸಂಚು ನಡೆದಿರಬೇಕು. ನಡೆದಿರುವುದು ಸಂಚು. ಕೊಲ್ಲಹೊರಟಿರುವುದು ನಮ್ಮ ಮನೆಯನ್ನು!

ಕಳೆದ ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ರಂಗದ ಮೇಲೆ ನಾನೊಬ್ಬಳೇ, ಕೈಯಲ್ಲಿ ಪೊರಕೆ. ನಗರಸಭೆಯ ಎಂಜಿನಿಯರ್ ಪ್ರವೇಶ. ಊದಿದರೆ ಹಾರಿಹೋಗುವಂಥ ಮನುಷ್ಯ. ಮಾತಿಲ್ಲ, ಕತೆಯಿಲ್ಲ, ಜೇಬಿನಿಂದ ತೂಗುಗುಂಡು ತೆಗೆದು ಬೀದಿಗೋಡೆಗೆ ಇಳಿಬಿಟ್ಟ. ಅವತ್ತಿನಿಂದ ಅವನಿಗೆ ನಾನಿಟ್ಟ ಹೆಸರೂ ಅದೇ.

"ಅಮ್ಮಾ, ಗೋಡೆ ಮೂರು ಬೆರಳು ಹೊಟ್ಟೆ ಬಿಟ್ಟಿದೆ," ಅಂದ ತೂಗುಗುಂಡು.

"ಐವತ್ತೆಂಟಾಯ್ತು, ನನಗೂ ಬಂದಿದೆ ಹೊಟ್ಟೆ. ನನ್ನನ್ನೂ ಕೆಡವ್ತೀರಾ?"

ನಗಲಿಲ್ಲ. ತಲೆಯೆತ್ತಿ ಮಹಡಿಯ ಬಾಗಿಲು ನೋಡಿದ. "ಅದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ. ತೆಗೆದ್ರೆ ಗಾಳಿ, ಕಾಲಿಟ್ರೆ ಬೀದಿ."

ಎದುರು ಅಂಗಡಿಯ ಕ್ಷೌರಿಕ ಅರ್ಧ ಬೋಳಿಸಿದ ಗಲ್ಲವೊಂದನ್ನು ಅಲ್ಲೇ ಬಿಟ್ಟು ಹೊರಗೆ ಬಂದ. "ಬೀಗರನ್ನ ಬೀಳ್ಕೊಡೋಕೆ ಸಾರ್ ಅದು! ಊಟ ಮುಗೀತು ಅಂದ್ರೆ ಆ ಕಡೆಯಿಂದ ಕಳಿಸೋದು!"

ಅದಕ್ಕೂ ನಗಲಿಲ್ಲ. ಮರುದಿನ ನೋಟೀಸು ಬಂತು. ನವೆಂಬರ್ ಮುಗಿಯುವುದರೊಳಗೆ ಗೋಡೆ ನೆಟ್ಟಗಾಗಬೇಕು, ಇಲ್ಲದಿದ್ದರೆ ಮನೆ ನೆಲಸಮ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ! ನಾನು ಕಚೇರಿಗೇ ನುಗ್ಗಿದೆ. ಹಳೆಯ ಮನೆ, ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿ ಅಂದೆ. "ಅಲ್ಲಿ ಯಾವ ಮಹನೀಯರು ವಾಸ ಇದ್ರು?" ಅಂತ ಕೇಳಿದರು. "ನಾನೇ ಇದ್ದೀನಲ್ಲ!" ಅಂದೆ. ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ ರಾಣಿಯಾಗಿ ಮೆರೆದವಳನ್ನು ಕಂಡು ಒಬ್ಬನೂ ಕುರ್ಚಿಯಿಂದ ಏಳಲಿಲ್ಲ.

ಅಮ್ಮ ಹೊಲಿಗೆ ಯಂತ್ರ ತುಳಿದೂ ತುಳಿದೂ ಕೊಂಡ ಮನೆ ಇದು. ಬಿಟ್ಟುಕೊಡುವುದಿಲ್ಲ. ಈ ಮಾತನ್ನು ಮನೆಯೊಳಗೆ ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಕ್ಷೌರಿಕನ ಗಿರಾಕಿಯ ಕಿವಿ ಸ್ವಲ್ಪದರಲ್ಲಿ ಉಳಿಯಿತಂತೆ.

ನೀನು ಮೇಸ್ತ್ರಿ. ಹದಿನಾಲ್ಕು ವರ್ಷದ ಹಿಂದೆ ಆ ಗೋಡೆಗೆ ಸಿಮೆಂಟಿನ ಗಿಲಾವು ಬಳಿದವನೂ ನೀನೇ. ಹೊಟ್ಟೆ ಬಂದದ್ದು ಅದಾದ ಮೇಲೆ. ಗೋಡೆ ಬೀಳದ ಹಾಗೆ ಆ ಗಿಲಾವನ್ನು ಕೀಳುವುದು ಹೇಗೆ? ಅಷ್ಟು ಬರೆ, ಸಾಕು. ಬಾ ಎಂದು ಕರೆಯುತ್ತಿಲ್ಲ. ಅಮ್ಮನ ಶವದ ಮುಂದೆ ನಾನು ಆಡಿದ ಮಾತು ನಿನಗೆ ನೆನಪಿದೆ, ನನಗೂ ಇದೆ.

ಉಳಿ, ಸುತ್ತಿಗೆ ಕೊಂಡುಕೊಂಡು ಕಾದಿರುವ,
ನಿನ್ನ ಅಕ್ಕ


ಜೂನ್ 20

ಅಕ್ಕನಿಗೆ,

ಪತ್ರ ಮುಟ್ಟಿತು. ಒಲೆಗೆ ಹಾಕಲಿಲ್ಲ. ನಮ್ಮ ಮನೆಯಲ್ಲಿರುವುದು ಗ್ಯಾಸ್.

ನನ್ನ ಮಾತು ಕೇಳುವುದಾದರೆ ಆ ಮನೆ ಬಿಡು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ, ನಡುವೆ ನೂರು ವರ್ಷ ದಾಟಿದ ಸುಣ್ಣದ ಗಾರೆ. ಮೂರು ಬೆರಳು ಉಬ್ಬಿದೆ ಅಂದರೆ ಒಳಗೆ ಗಾರೆ ಹಿಟ್ಟಾಗಿದೆ. ಒಬ್ಬಳೇ ಮಾಡುವ ಕೆಲಸವಲ್ಲ.

ನೀನು ಕೇಳುವವಳಲ್ಲ ಎಂದೂ ಗೊತ್ತು. ಹಾಗಾದರೆ ಹೀಗೆ ಮಾಡು. ಸುತ್ತಿಗೆ ದೂರ ಇಡು, ಉಳಿಯನ್ನು ಅಂಗೈಯಿಂದಲೇ ತಳ್ಳು. ಮೇಲಿನಿಂದ ಕೆಳಕ್ಕೆ ಬಾ, ಕೆಳಗಿನಿಂದ ಯಾವತ್ತೂ ಶುರು ಮಾಡಬೇಡ. ದಿನಕ್ಕೆ ಒಂದು ಮೊಳ ಅಗಲದ ಒಂದೇ ಅಡ್ಡಪಟ್ಟಿ, ಅಷ್ಟೇ. ಮಳೆ ಬಂದರೆ ಟಾರ್ಪಾಲು ಕಟ್ಟು. ತಟ್ಟಿದಾಗ ಡಬಡಬ ಸದ್ದು ಬಂದ ಕಡೆ ನಿಲ್ಲಿಸಿ ನನಗೆ ಬರೆ.

ಇಲ್ಲಿ ಶಾಲೆಯೊಂದರ ಚಾವಣಿ ಕೆಲಸ ನಡೆದಿದೆ. ಬರಲು ಆಗುವುದಿಲ್ಲ.

ತಮ್ಮ


ಜುಲೈ 11

ತಮ್ಮಾ,

ಇಪ್ಪತ್ತು ಸಾಲಿನ ಪತ್ರ! ನಾಟಕದಲ್ಲಿ ಬಾಗಿಲು ಕಾಯುವ ದೂತನಿಗೂ ಇದಕ್ಕಿಂತ ಹೆಚ್ಚು ಮಾತಿರುತ್ತಿತ್ತು.

ಹದಿನಾರು ದಿನದಿಂದ ಕೀಳುತ್ತಿದ್ದೇನೆ. ತಲೆಗೆ ವಸ್ತ್ರ, ಮೂಗಿಗೆ ವಸ್ತ್ರ, ಕಣ್ಣಷ್ಟೇ ಹೊರಗೆ. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಟಿಕೇಟಿಲ್ಲದ ಪ್ರೇಕ್ಷಕರು ಯಾವ ಕಾಲಕ್ಕೂ ಅತಿ ಬುದ್ಧಿವಂತರು. "ಅಲ್ಲಿ ಬಿಟ್ರಿ, ಇಲ್ಲಿ ಬಿಟ್ರಿ" ಅಂತ ನನಗೇ ಪಾಠ! ಕ್ಷೌರಿಕ ಮಾತ್ರ, "ಅಕ್ಕಾ, ಗೋಡೆಗೆ ಕ್ಷೌರ ಮಾಡೋದಾದ್ರೆ ಮೊದಲು ಒದ್ದೆ ಮಾಡ್ಬೇಕು," ಅಂದ. ನಕ್ಕುಬಿಟ್ಟೆ. ಆಮೇಲೆ ಮಾಡಿ ನೋಡಿದೆ. ನಿಜವಾಗಿಯೂ ಸುಲಭವಾಯಿತು!

ನಿನ್ನ ಸಿಮೆಂಟು ಹಲಗೆ ಹಲಗೆಯಾಗಿ ಕಳಚಿ ಬರುತ್ತದೆ. ಅದರ ಬೆನ್ನು ಮುಟ್ಟಿದರೆ ನಡುಮಧ್ಯಾಹ್ನದ ಬಿಸಿಲಲ್ಲೂ ತಣ್ಣಗೆ, ಹಾವಿನ ಮೈಯಂತೆ. ಹದಿನಾಲ್ಕು ವರ್ಷದ ತೇವ ಅಲ್ಲೇ ಕೂತಿದೆ.

ಈಗ ಕೇಳು, ದೃಶ್ಯ ಬದಲು. ನೆಲದ ಮಟ್ಟದಲ್ಲಿ ಐದು ಕಂಡಿಗಳು ಕಂಡವು. ಹೌದು, ಅವೇ. ಚಿಕ್ಕವನಿದ್ದಾಗ ನೀನು ಕೋಣೆಯ ಮಧ್ಯೆ ಗೋಲಿ ಇಟ್ಟರೆ ಅದು ತಾನಾಗಿ ಉರುಳಿ ಕಂಡಿಯಿಂದ ಬೀದಿಗೆ ಬೀಳುತ್ತಿತ್ತಲ್ಲ, ಆ ಕಂಡಿಗಳು. ಐದಕ್ಕೂ ಸಿಮೆಂಟು ಗಿಡಿದು ಮುಚ್ಚಿದೆ, ಐದನೆಯದು ಸರಿಯಾಗಿ ಗೋಡೆಯ ಹೊಟ್ಟೆಯ ಕೆಳಗೆ. "ಇಲಿ ಬಿಲ ಮುಚ್ಚಿದೆ" ಅಂತ ಆಗ ನೀನು ಹೇಳಿದ್ದೆ, ನಾನೂ ನಂಬಿದ್ದೆ.

ಕಟ್ಟಿದವನು ಇವನ್ನು ಯಾಕೆ ಇಟ್ಟ ಎಂದು ತಿಳಿಯಬೇಕಿತ್ತು. ನಗರಸಭೆಯ ದಾಖಲೆ ಕೋಣೆಗೆ ಹೋದೆ. ಅಲ್ಲಿನ ಗುಮಾಸ್ತೆಗೆ ನಾನು ರಾಣಿಯಾಗಿದ್ದ ನಾಟಕ ನೆನಪಿತ್ತು, ನೋಡು! ಮೂರು ದಿನ ಕೂರಿಸಿ, ಧೂಳು ಕೊಡವಿ, ಕೊನೆಗೆ ಕಡತ ತೆಗೆದುಕೊಟ್ಟಳು. ನೂರಾ ನಲವತ್ತು ವರ್ಷದ ಹಿಂದೆ ಈ ಬೀದಿಯೇ ಹೊಳೆಯ ದಂಡೆ. ಮನೆ ಕಟ್ಟಿದವನು ದೋಣಿಗಾರ. ಒಡ್ಡು ಹಾಕಿ ಹೊಳೆಯನ್ನು ಆಚೆಗೆ ತಿರುಗಿಸಿದ್ದು ಬಹಳ ಆಮೇಲೆ. ಅವನು ಊರ ಅಧಿಕಾರಿಗೆ ಬರೆಸಿದ ಅರ್ಜಿ ಇನ್ನೂ ಇದೆ. ಓದಿದವಳು ಎದ್ದು ನಿಂತುಬಿಟ್ಟೆ: "ನೀರನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ಆದ್ದರಿಂದ ಅದು ಬಂದು ಹೋಗಲು ದಾರಿ ಬಿಟ್ಟು ಕಟ್ಟಿದ್ದೇನೆ. ಕೆಳಗೆ ಕಲ್ಲು ಹಾಸಿ, ನೆಲವನ್ನು ಬೀದಿಯ ಕಡೆಗೆ ಇಳಿಜಾರು ಮಾಡಿ, ಐದು ಕಂಡಿ ಇಟ್ಟಿದ್ದೇನೆ. ಹೊಳೆ ಏರಿದಾಗ ಮಹಡಿಯ ಬಾಗಿಲಿಗೇ ದೋಣಿ ಕಟ್ಟುತ್ತೇನೆ."

ಎಲ್ಲಿಗೂ ಹೋಗದ ಬಾಗಿಲು ಅಂತ ನಕ್ಕೆವಲ್ಲ ನಾವು! ಊರೆಲ್ಲ ಮುಳುಗಿದಾಗ ಹೋಗಲು ಉಳಿದಿದ್ದ ಬಾಗಿಲು ಅದೊಂದೇ.

ಕಂಡಿಗಳು ಹೊಳೆಗಷ್ಟೇ ಅಲ್ಲ, ನೆಲದ ತೇವಕ್ಕೂ ದಾರಿ. ದಾರಿ ಕಟ್ಟಿದ ಮೇಲೆ ನೀರು ಗೋಡೆ ಹತ್ತಿದೆ. ಮೇಸ್ತ್ರಿಯಾದವನಿಗೆ ಇದು ಗೊತ್ತಿರಲಿಲ್ಲವೇ? ಕೇಳುತ್ತಿದ್ದೇನೆ, ಅಷ್ಟೇ.

ಇಂತಿ, ಏಣಿಯ ಮೂರನೇ ಮೆಟ್ಟಿಲಿನಿಂದ,
ಅಕ್ಕ


ಜುಲೈ 23

ಅಕ್ಕನಿಗೆ,

ಗೊತ್ತಿತ್ತು.

ಕೆಲಸ ಕಲಿಸಿದ ಮುದುಕ ಎರಡನೇ ದಿನವೇ ಹೇಳಿದ್ದ: "ಹಳೇ ಗೋಡೇಲಿ ತೂತು ಕಂಡ್ರೆ ಮೊದಲು ಕೇಳು, ಆಮೇಲೆ ಮುಚ್ಚು." ನಾನು ಕೇಳಲಿಲ್ಲ.

ಆ ವರ್ಷ ಮೊದಲ ಸಲ ಮೂರಂತಸ್ತಿನ ಕಟ್ಟಡ ಮುಗಿಸಿದ್ದೆ. ಎಲ್ಲರೂ ಮೇಸ್ತ್ರಿಗಳೇ, ಮೇಸ್ತ್ರಿಗಳೇ ಅನ್ನುತ್ತಿದ್ದರು. ಅಮ್ಮನ ಗೋಡೆ ಮಾತ್ರ ಸುಣ್ಣ ಉದುರಿ ಬೋಳಾಗಿ ನಿಂತಿತ್ತು, ನನಗೆ ನಾಚಿಕೆ. ಅಮ್ಮ ಮಂಡಿನೋವಿಗೆ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದಿದ್ದಳು. ನೀನು ಕಂಪನಿಯ ಜೊತೆ ಊರೂರು ಸುತ್ತುತ್ತಿದ್ದೆ. "ಕಾಲಿಗೆ ಗಾಳಿ ಬರುತ್ತೆ ಮಗಾ, ಚಳಿ ಮುಗಿಯೋವರೆಗೆ ಈ ಎರಡಕ್ಕೆ ಒಂದಿಷ್ಟು ಹಳೇ ಬಟ್ಟೆ ತುರುಕು," ಅಂದಳು.

ಅಮ್ಮ ಬಟ್ಟೆ ತುರುಕು ಅಂದಳು. ನಾನು ಸಿಮೆಂಟು ಹಾಕಿದೆ. ಎರಡಕ್ಕಲ್ಲ, ಐದಕ್ಕೂ. ನೋಡಲು ಒಂದೇ ಸಮ ಇರಲಿ ಅಂತ.

"ನಿನ್ನ ಸಿಮೆಂಟೇ ಅಮ್ಮನ ಉಸಿರು ತೆಗೆದದ್ದು" ಎಂದು ನೀನು ಅವತ್ತು ಅಷ್ಟು ಜನರೆದುರು ಅಂದೆ. ನಾನು ಅಲ್ಲಿಂದ ಹೊರಟುಹೋದೆ. ಕೋಪಕ್ಕೆ ಅಂದುಕೊಂಡಿರಬೇಕು ನೀನು. ನಿಜ ಅನ್ನಿಸಿತು, ಅದಕ್ಕೆ.

ನಾಲ್ಕು ಕಂಡಿ ತೆರೆ. ಸಿಮೆಂಟಿನ ಸುತ್ತ ಉಳಿ ಆಡಿಸಿದರೆ ಬೆಣೆಯ ಹಾಗೆ ಈಚೆ ಬರುತ್ತದೆ. ಐದನೆಯದು ಉಬ್ಬಿನ ನೇರ ಕೆಳಗಿದೆ. ಅದನ್ನು ಮುಟ್ಟಬೇಡ, ಗೋಡೆ ನಿನ್ನ ಮೇಲೆ ಬರುತ್ತದೆ.

ತಮ್ಮ


ಸೆಪ್ಟೆಂಬರ್ 2

ತಮ್ಮಾ,

ಆರು ವಾರ ಬರೆಯಲಿಲ್ಲ. ಬರೆಯಲು ಕೂತೆ, ಹರಿದೆ. ಮಾತು ಮರೆತ ನಟಿ ನಾನಲ್ಲ, ಯಾವತ್ತೂ ತೆರೆಯ ಹಿಂದಿನಿಂದ ಮಾತು ಹೇಳಿಕೊಡಿಸಿಕೊಂಡವಳಲ್ಲ. ಆದರೂ ಹರಿದ ಹಾಳೆಗಳು ಒಂದು ಬುಟ್ಟಿಯಷ್ಟಾದವು.

ಮೊದಲು ಗೋಡೆಯ ಸುದ್ದಿ. ನಾಲ್ಕು ತೆರೆದಿದ್ದೇನೆ. ತೆರೆದ ಮಾರನೇ ದಿನವೇ ಕೋಣೆಯ ವಾಸನೆ ಬದಲಾಯಿತು. ಕಲ್ಲಿನ ಮೇಲೆ ಉಪ್ಪು ಬಿಳಿಬಿಳಿಯಾಗಿ ಅರಳುತ್ತದೆ, ದಿನವೂ ಕುಂಚದಿಂದ ಗುಡಿಸುತ್ತೇನೆ. ತೂಗುಗುಂಡು ಮತ್ತೆ ಬಂದ. ಈ ಸಲ ಕಲ್ಲು ಕಲ್ಲನ್ನೂ ಕೈಯಿಂದ ಮುಟ್ಟಿ ನೋಡಿದ. "ಒಣಗ್ತಾ ಇದೆ ಅಮ್ಮಾ, ಆದ್ರೆ ಹೊಟ್ಟೆ ಹಾಗೇ ಇದೆಯಲ್ಲ. ಅಷ್ಟು ಭಾಗ ಬಿಚ್ಚಿ ಕಟ್ಟಲೇಬೇಕು," ಅಂದ. ಕಡತದ ನಕಲು ಓದಲು ಕೊಟ್ಟೆ. ನಿಂತಲ್ಲೇ ಓದಿ, ಮಹಡಿಯ ಬಾಗಿಲನ್ನು ಇನ್ನೊಂದು ಸಲ ನೋಡಿ ಹೋದ.

ಮೂವರು ಮೇಸ್ತ್ರಿಗಳನ್ನು ಕರೆಸಿದೆ. ಮೂವರದೂ ಒಂದೇ ರಾಗ, ಪೂರ್ತಿ ಬೀಳಿಸಿ ಕಾಂಕ್ರೀಟು ಹಾಕೋಣ. ಮೂವರಿಗೂ ಟೀ ಕೊಟ್ಟು ಕಳಿಸಿದೆ. ಮೂರನೆಯವನಿಗೆ ಸಕ್ಕರೆ ಹಾಕಲಿಲ್ಲ. ನಿನ್ನೆ ಸುಣ್ಣ ಮಾರುವವನು ಹಳೇ ಸ್ಟಾಕು ಕೊಟ್ಟು ಮೋಸ ಮಾಡಲು ನೋಡಿದ, ಅಂಗಡಿ ಮುಂದೆಯೇ ಮೂರನೇ ಅಂಕದ ಮಾತುಗಳನ್ನೆಲ್ಲ ಒಪ್ಪಿಸಿದೆ, ಹೊಸದು ಕೊಟ್ಟ. ನೀನು ಗಿಲಾವು ಹಾಕುವುದಕ್ಕೆ ಒಂದು ವರ್ಷ ಮೊದಲೇ ಅಮ್ಮ ಕೆಮ್ಮುತ್ತಿದ್ದಳು. ಡಾಕ್ಟರ ಬಳಿ ಕರೆದುಕೊಂಡು ಹೋದವಳು ನಾನೇ. ವರ್ಷಗಟ್ಟಲೆ ಬಟ್ಟೆಯ ನಾರು ಎದೆಗೆ ಹೋಗಿದೆ, ಹೊಲಿಗೆ ಬಿಡಿಸಿ, ಯಾರಾದರೂ ಜೊತೆಗಿರಿ ಅಂದರು. ಅಮ್ಮ ನಿನಗೆ ಹೇಳಬೇಡ ಅಂದಳು. ಆ ತಿಂಗಳು ನನಗೆ ಹೊಸ ನಾಟಕದಲ್ಲಿ ಮುಖ್ಯ ಪಾತ್ರ ಸಿಕ್ಕಿತ್ತು. ಹೋದೆ.

ತೇವ ಕೆಮ್ಮನ್ನು ಹೆಚ್ಚಿಸಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತು ನಾನು ಕೂಗಿದ್ದು ನಿನಗೆ ಕೇಳಲೆಂದಲ್ಲ. ನನ್ನನ್ನು ಯಾರೂ ಏನೂ ಕೇಳದಿರಲಿ ಎಂದು.

ಸರಿ. ಹೇಳಿದೆ. ಇನ್ನು ಗೋಡೆ.

ಲೆಕ್ಕ ಹಾಕಿದ್ದೇನೆ, ಸುಣ್ಣದ ಗಾರೆ ಬಿಗಿಯಲು ವಾರಗಳು ಬೇಕು, ಈ ತಿಂಗಳು ಬಿಟ್ಟರೆ ನವೆಂಬರ್ ದಾಟುತ್ತದೆ. ಆದ್ದರಿಂದ ಹದಿನೈದನೇ ತಾರೀಕು ಬೆಳಿಗ್ಗೆ ಉಬ್ಬಿಗೆ ಕಂಬ ಕೊಟ್ಟು ಐದನೇ ಕಂಡಿಗೆ ನಾನೇ ಕೈಹಾಕುತ್ತೇನೆ. ಕ್ಷೌರಿಕ ಕಂಬ ಹಿಡಿಯಲು ಒಪ್ಪಿದ್ದಾನೆ. "ನನ್ನ ಕೈ ನಡುಗಿದ್ರೆ ಈ ಊರಲ್ಲಿ ಎಷ್ಟು ಕತ್ತು ಉಳೀತಿತ್ತು ಅಕ್ಕಾ?" ಅನ್ನುತ್ತಾನೆ.

ಸೋತರೆ ಗೋಡೆಯ ಕೆಳಗೆ ಸಿಗುತ್ತೇನೆ, ಹುಡುಕಬೇಕಾದ್ದಿಲ್ಲ.

ಇಂತಿ, ಹಿಂದೆ ಸರಿಯದ ನಿನ್ನ
ಅಕ್ಕ


ಸೆಪ್ಟೆಂಬರ್ 6

ಅಕ್ಕಾ,

ಕ್ಷೌರಿಕನ ಕೈಗೆ ಕಂಬ ಕೊಡಬೇಡ. ಹದಿನಾಲ್ಕಕ್ಕೆ ಬರುತ್ತೇನೆ. ನಾನು ಬರುವತನಕ ಆ ಗೋಡೆಯ ಹತ್ತಿರ ಗಟ್ಟಿಯಾಗಿ ಮಾತನ್ನೂ ಆಡಬೇಡ.

ತೋಳು ದಪ್ಪದ ಮರದ ಕಂಬ ಎಂಟು, ಬೆಣೆ ಎರಡು ಡಜನ್, ಗೋಣಿಚೀಲ ಸಿಕ್ಕಷ್ಟು, ಸೀಮೆಸುಣ್ಣ ಒಂದು ಪೆಟ್ಟಿಗೆ ತಂದಿಡು. ಸುಣ್ಣದ ಕಲ್ಲನ್ನು ಇವತ್ತೇ ನೀರಿಗೆ ಹಾಕು. ಹಾಕುವಾಗ ಕೊತಕೊತ ಕುದಿಯುತ್ತದೆ, ಮುಖ ದೂರ ಇರಲಿ. ಎಷ್ಟು ದಿನ ನೆನೆದರೆ ಅಷ್ಟು ಒಳ್ಳೆಯದು.

ಕೆಮ್ಮಿನ ವಿಷಯ ಎರಡು ಸಲ ಓದಿದೆ. ಸುಣ್ಣ ನೆನೆಹಾಕು.

ತಮ್ಮ


ಡಿಸೆಂಬರ್ 4

ತಮ್ಮಾ,

ಊರು ಮುಟ್ಟಿ ತಿಂಗಳಾಯಿತು, ನಿನ್ನಿಂದ ಒಂದು ಸಾಲಿಲ್ಲ. ಇರಲಿ. ಏಳು ವಾರ ಒಂದೇ ಸೂರಿನಡಿ ಇದ್ದು ನೀನು ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು: "ನೀರು", "ಬೆಣೆ", "ಅದಲ್ಲ, ಆ ಇನ್ನೊಂದು", "ಊಟ ಆಯ್ತಾ".

ಕಲ್ಲು ಕಲ್ಲಿಗೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು ನೂರಾ ಹದಿನೇಳನ್ನು ಅಂಗಳದಲ್ಲಿ ಸಾಲಾಗಿ ಮಲಗಿಸಿದ ದಿನ ನನ್ನ ಎದೆ ಹೊಡೆದುಕೊಂಡಷ್ಟು ಯಾವ ನಾಟಕದ ಮೊದಲ ಪ್ರದರ್ಶನಕ್ಕೂ ಹೊಡೆದುಕೊಂಡಿರಲಿಲ್ಲ. ಮನೆಯ ಎದೆಯಲ್ಲಿ ಅಷ್ಟಗಲ ತೂತು! ಆಮೇಲೆ ನೀನು ಐದನೇ ಕಂಡಿಯ ಬೆಣೆ ಕಿತ್ತೆ. ಕಪ್ಪು ನೀರು ಹನಿಹನಿಯಾಗಿ ಬಂತು, ಆಮೇಲೆ ದಾರವಾಗಿ. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನವಾದರೂ ನಿಲ್ಲಲಿಲ್ಲ. ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆವು.

"ಇನ್ನೂ ಇದೆ," ಅಂದೆ ನೀನು.

"ಬರ್ಲಿ ಬಿಡು," ಅಂದೆ ನಾನು.

ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಮಾತು ಆಡಿದ್ದು ಅದೊಂದೇ ಸಲ.

ಈಗ ತೀರ್ಪು. ನವೆಂಬರ್ ಇಪ್ಪತ್ತೆಂಟಕ್ಕೆ ತೂಗುಗುಂಡು ಬಂದ. ಬೀದಿ ತುಂಬಿತ್ತು. ಕ್ಷೌರಿಕ ಅಂಗಡಿಗೆ ಬೀಗ ಹಾಕಿ ಬಂದು ಮುಂದಿನ ಸಾಲಲ್ಲಿ ನಿಂತಿದ್ದ. ಗುಂಡು ಇಳಿಯಿತು ಮೂರು ಕಡೆ. ಮೊದಲ ಕಡೆ ನೆಟ್ಟಗೆ. ಎರಡನೇ ಕಡೆ ನೆಟ್ಟಗೆ. ಮೂರನೇ ಕಡೆ ದಾರ ಒಂದಿಷ್ಟು ತಡೆಯಿತು. ಕ್ಷೌರಿಕ ಕತ್ತು ಚಾಚಿದ. "ಅರ್ಧ ಬೆರಳು," ಅಂದ, "ಇಷ್ಟಿದ್ರೆ ನಡೆಯುತ್ತೆ." ಜನ ಚಪ್ಪಾಳೆ ಹೊಡೆದರು. ನನಗಲ್ಲ, ಗೋಡೆಗೆ. ಆದರೂ ಬಾಗಿ ವಂದಿಸಿದೆ, ಅಭ್ಯಾಸ ಬಲ.

ರಕ್ಷಿತ ಪಟ್ಟಿಗೆ ಸೇರಲಿಲ್ಲ. ಗೋಡೆಯ ಒಂದು ಭಾಗ ಹೊಸದಾಗಿ ಕಟ್ಟಿದ್ದಂತೆ, ಮಹನೀಯರು ಯಾರೂ ವಾಸವಿರಲಿಲ್ಲವಂತೆ. ನೂರಾ ಹದಿನೇಳು ಕಲ್ಲೂ ಹಿಂದಿದ್ದ ಜಾಗದಲ್ಲೇ ಕೂತಿವೆ, ಸುಣ್ಣ ಮಾತ್ರ ಹೊಸದು ಎಂದು ವಾದಿಸಿದೆ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕುತ್ತೇನೆ, ಅದರ ಮುಂದಿನ ವರ್ಷವೂ ಹಾಕುತ್ತೇನೆ. ಅವರಿಗೆ ಬೇಸರ ಬರಬೇಕೇ ಹೊರತು ನನಗಲ್ಲ.

ಆದರೆ ನೋಟೀಸು ಪೂರ್ತಿ ಹೋಗಲು ಇನ್ನೊಂದು ಕಾಗದ ಬಾಕಿ ಇದೆ. ಇದರ ಜೊತೆಗಿಟ್ಟಿದ್ದೇನೆ. "ಈ ಗೋಡೆಗೆ ಜವಾಬ್ದಾರನಾದ ಮೇಸ್ತ್ರಿ" ಎಂಬಲ್ಲಿ ಸಹಿ ಬೇಕು. ಗೋಡೆಗೆ ಏನಾದರೂ ಆದರೆ ಆ ಮೇಸ್ತ್ರಿಯ ಪರವಾನಗಿ ಹೋಗುತ್ತದೆ. ವರ್ಷದ ಕೊನೆಯೊಳಗೆ ತಲುಪದಿದ್ದರೆ ನೋಟೀಸು ಮತ್ತೆ ಜೀವ ಪಡೆಯುತ್ತದೆ. ಎಷ್ಟು ವರ್ಷಕ್ಕೆ ಎಂಬ ಜಾಗ ಖಾಲಿ ಬಿಟ್ಟಿದ್ದೇನೆ. ಎರಡು ಎಂದು ಬರೆದರೂ ಸಾಕು ಅಂದ ತೂಗುಗುಂಡು, ಎಲ್ಲ ಮೇಸ್ತ್ರಿಗಳೂ ಎರಡೇ ಬರೆಯುತ್ತಾರಂತೆ.

ಒಂದು ಸಲ ಆ ಗೋಡೆಯ ಹೊರೆಯೆಲ್ಲ ನಿನ್ನ ತಲೆಗೆ ಕಟ್ಟಿದವಳು ನಾನು. ಎರಡನೇ ಸಲ ಕಟ್ಟಲಾರೆ. ಸಹಿ ಹಾಕುವುದೂ ಬಿಡುವುದೂ ನಿನಗೆ ಸೇರಿದ್ದು. ಹಾಕದಿದ್ದರೆ ಬೇರೆ ದಾರಿ ಹುಡುಕುತ್ತೇನೆ, ಮನೆಯಂತೂ ಬಿಡುವುದಿಲ್ಲ.

ಇಂತಿ, ಒಣಗಿದ ಗೋಡೆಗೆ ಒರಗಿ ಕೂತಿರುವ
ಅಕ್ಕ


ಡಿಸೆಂಬರ್ 13

ಅಕ್ಕಾ,

ಸಹಿ ಹಾಕಿ ಕಳಿಸಿದ್ದೇನೆ. ಕಾಗದ ಮಡಿಸಬೇಡ, ನನ್ನ ಮುದ್ರೆ ಅಳಿಸಿಹೋಗುತ್ತದೆ.

ಎಷ್ಟು ವರ್ಷಕ್ಕೆ ಎಂಬಲ್ಲಿ "ಬದುಕಿರುವ ತನಕ" ಎಂದು ಬರೆದಿದ್ದೇನೆ. ಹಾಗೆಲ್ಲ ನಡೆಯುವುದಿಲ್ಲ, ಸಂಖ್ಯೆಯೇ ಬೇಕು ಎಂದು ತೂಗುಗುಂಡು ತಕರಾರು ತೆಗೆದರೆ ಹೊಡೆದುಹಾಕಿ ನಲವತ್ತು ಅಂತ ಬರಿ. ನನಗೀಗ ಐವತ್ತೊಂದು. ತೊಂಬತ್ತೊಂದಕ್ಕೆ ಗೋಡೆ ನೋಡಲು ಬಂದಾಗ ಏಣಿ ಹಿಡಿಯಲು ಒಬ್ಬರು ಬೇಕು, ಕ್ಷೌರಿಕನನ್ನು ನಂಬುವುದಿಲ್ಲ. ನಿನಗಾಗ ತೊಂಬತ್ತೆಂಟು. ಅಲ್ಲಿಯವರೆಗೆ ಎಲ್ಲಿಗೂ ಹೋಗುವ ಹಾಗಿಲ್ಲ, ಈಗಲೇ ಹೇಳಿದ್ದೇನೆ.

ಬೇಸಿಗೆಗೆ ಬರುತ್ತೇನೆ. ಹಿತ್ತಿಲ ಗೋಡೆಗೂ ನಾನೇ ಸಿಮೆಂಟು ಬಳಿದಿದ್ದು. ಸುಣ್ಣ ನೆನೆಹಾಕಿಡು.

ನಿನ್ನ ತಮ್ಮ